ಸೇದುವವರು ಕಮ್ಮಿ ಆದರು ಸರಿ, ಚಟ ಕಮ್ಮಿ ಆಯಿತಾ?

ತುಂಗೆ_ತೀರ
ತುಂಬಾ ದಿನದಿಂದ ತಲೆ ಕೊರೆಯುತ್ತಿದ್ದ ವಿಷಯ, ಇಲ್ಲಿ ಕೇಳಿಬಿಡೋಣ ಅನಿಸಿತು. ದೇಶದಲ್ಲಿ ತಂಬಾಕು ಬಳಕೆ ಇಳಿದಿದೆ ಅಂತ ಎಲ್ಲ ಕಡೆ ಓದುತ್ತೇವೆ. ಗ್ಯಾಟ್ಸ್ ಅಂತ ವಯಸ್ಕರ ತಂಬಾಕು ಸಮೀಕ್ಷೆ ಇದೆಯಲ್ಲ, ಅದರ ಪ್ರಕಾರ 2009-10ರಲ್ಲಿ 15 ವರ್ಷ ದಾಟಿದವರಲ್ಲಿ ಶೇ. 34.6 ಜನ ಯಾವುದೋ ಒಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. 2016-17ಕ್ಕೆ ಶೇ. 28.6ಕ್ಕೆ ಇಳಿಯಿತು. ಸೇದುವವರದ್ದು ಮಾತ್ರ ನೋಡಿದರೆ ಶೇ. 14ರಿಂದ 10.7.

ಒಳ್ಳೆಯದೇ. ಆದರೆ ನಮ್ಮ ಮನೆಯ ಕಥೆ ಕೇಳಿ. ನಮ್ಮಣ್ಣ ಸಿಗರೇಟು ಬಿಟ್ಟ ಅಂತ ಅಮ್ಮ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದರು. ಈಗ ಅವನ ಅಂಗಿ ಜೇಬಲ್ಲಿ ಸಿಗರೇಟ್ ಪ್ಯಾಕಿನ ಜಾಗದಲ್ಲಿ ಕಡ್ಡಿಪುಡಿ ಇದೆ. ಬೆಳಿಗ್ಗೆ ಎದ್ದು ಹಲ್ಲುಜ್ಜುವ ಮೊದಲೇ ಒಂದು ಚಿಟಿಕೆ ಕೆಳತುಟಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಯಾರ ಜೊತೆಯೂ ಸರಿಯಾಗಿ ಮಾತಾಡಲ್ಲ. ಯಾರಾದರೂ ಕೇಳಿದರೆ "ನಾನು ಸೇದೋದು ಬಿಟ್ಟು ವರ್ಷ ಆಯ್ತು" ಅಂತಾನೆ. ಸುಳ್ಳೂ ಅಲ್ಲ.

ನನ್ನ ಪ್ರಶ್ನೆ ಇಷ್ಟೆ. ಸೇದುವವರ ಲೆಕ್ಕ ಇಳಿದರೆ, ತಂಬಾಕಿನಲ್ಲಿ ಚಟ ಹಿಡಿಸುವ ನಿಕೋಟಿನ್‌ನ ಹಿಡಿತವೂ ಇಳಿದ ಹಾಗಾ? ಉಳಿದವರು ಯಾಕೆ ಬಿಡೋಕೆ ಆಗ್ತಿಲ್ಲ? ಬಿಡಿಸೋಕೆ ನಿಜವಾಗಿ ಕೆಲಸ ಮಾಡುವ ದಾರಿ ಏನಾದರೂ ಇದೆಯಾ?

ಅಂಕಿಗಾರ
ನಿಮ್ಮಣ್ಣ ಆ 28.6ರ ಒಳಗೇ ಇದ್ದಾರೆ, ಹೊರಗೆ ಬಿದ್ದಿಲ್ಲ. 10.7 ಅನ್ನೋದು ಸೇದುವವರದ್ದು ಮಾತ್ರ. ಅದೇ ಸಮೀಕ್ಷೆಯಲ್ಲಿ ಹೊಗೆ ಇಲ್ಲದ ತಂಬಾಕು ಬಳಸುವವರು ಶೇ. 21.4. ಅಂದರೆ ಸೇದುವವರಿಗಿಂತ ಎರಡು ಪಟ್ಟು. ಎರಡನ್ನೂ ಕೂಡಿಸಿದರೆ 32 ದಾಟುತ್ತದೆ, ಒಟ್ಟು 28.6 ಅಂತ ಇದೆ. ಆ ವ್ಯತ್ಯಾಸ ಎರಡೂ ಮಾಡುವವರದ್ದು.

ನಮ್ಮ ಕರ್ನಾಟಕದ್ದು ಒಟ್ಟು ಶೇ. 22.8. ಸೇದುವವರು 8.8, ಜಗಿಯುವವರು 16.3. ದೇಶದಲ್ಲಿ ಅತಿ ಹೆಚ್ಚು ತ್ರಿಪುರಾದಲ್ಲಿ, ಶೇ. 64.5. ಅತಿ ಕಮ್ಮಿ ಗೋವಾದಲ್ಲಿ, 9.7. ಹಾಗಾಗಿ "ಭಾರತದಲ್ಲಿ ಧೂಮಪಾನ ಕಮ್ಮಿ" ಅಂತ ಹೇಳಿ ಸುಮ್ಮನಾಗುವವರ ಮಾತನ್ನು ನಂಬಬೇಡಿ. ನಮ್ಮ ದೇಶದ ಸಮಸ್ಯೆ ಬಾಯಲ್ಲಿದೆ, ಹೊಗೆಯಲ್ಲಿ ಅದರ ಅರ್ಧ ಮಾತ್ರ.

ಬೀದರ್_ಬಿಸಿಲು
ಬೀಡಿ ಆ 10.7ರಲ್ಲಿ ಸೇರಿದೆಯಾ?

ಅಂಕಿಗಾರ
ಸೇರಿದೆ. ಬೀಡಿ ಸೇದುವವರು ಶೇ. 7.7, ಸಿಗರೇಟಿನವರು ಶೇ. 4. ದಿನಾ ಸೇದುವವರ ಸರಾಸರಿ ನೋಡಿ: ಸಿಗರೇಟು ದಿನಕ್ಕೆ 6.8, ಬೀಡಿ 15.1. ಪೇಪರಲ್ಲಿ ಧೂಮಪಾನದ ಸುದ್ದಿ ಬಂದರೆ ಪಕ್ಕದಲ್ಲಿ ಸಿಗರೇಟಿನ ಚಿತ್ರ ಹಾಕುತ್ತಾರೆ, ಸೇದುತ್ತಿರುವುದು ಜಾಸ್ತಿ ಬೀಡಿ.

ಬೀದರ್_ಬಿಸಿಲು
ಅದೇ ನಾನು ಹೇಳಬೇಕು ಅಂದಿದ್ದು. ನಮ್ಮ ಕಡೆ ಬೀಡಿ ಅಂದರೆ ಅಷ್ಟೇನೂ ಕೆಟ್ಟದ್ದಲ್ಲ, ಎಲೆಯಲ್ಲಿ ಸುತ್ತಿದ್ದು, ಕೆಮಿಕಲ್ ಇಲ್ಲ ಅಂತ ಹಿರಿಯರು ನಂಬಿದ್ದಾರೆ. ಆದರೆ ಅದಕ್ಕೆ ಫಿಲ್ಟರ್ ಇಲ್ಲ. ಎಲೆ ಗಾಳಿ ಬಿಡಲ್ಲ, ಪದೇ ಪದೇ ಎಳೆಯದಿದ್ದರೆ ಆರಿ ಹೋಗುತ್ತದೆ. ಹಾಗಾಗಿ ಜೋರಾಗಿ, ಆಳಕ್ಕೆ ಎಳೀತಾರೆ. ಚಿಕ್ಕದು ಅಂತ ವಿಷ ಚಿಕ್ಕದಲ್ಲ.

ಗಟ್ಟಿಮನ
ಇದೆಲ್ಲ ಲೆಕ್ಕಾಚಾರ ಯಾಕೆ? ಮನಸ್ಸು ಗಟ್ಟಿ ಇದ್ದರೆ ಯಾವ ಚಟವನ್ನಾದರೂ ಬಿಡಬಹುದು. ನಾನು ದಿನಕ್ಕೆ ಒಂದು ಪ್ಯಾಕ್ ಎಳೆಯುತ್ತಿದ್ದವನು, ಮಗಳು ಹುಟ್ಟಿದ ದಿನ ಪ್ಯಾಕ್ ಬಿಸಾಕಿದೆ, ಮತ್ತೆ ಮುಟ್ಟಿಲ್ಲ. ಬಿಡಬೇಕು ಅಂತ ಇಲ್ಲದವರಿಗೆ ಸಾವಿರ ನೆಪ.

ಕೌನ್ಸೆಲರ್_ಅಕ್ಕ
ಗಟ್ಟಿಮನ ಅವರೇ, ನೀವು ಬಿಟ್ಟಿದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಅದೇ ಅಳತೆಗೋಲು ಎಲ್ಲರಿಗೂ ಹಿಡಿಯಬೇಡಿ. ಯಾವ ಸಹಾಯವೂ ಇಲ್ಲದೆ ಬಿಡಲು ಹೊರಟವರಲ್ಲಿ ವರ್ಷ ಕಳೆದ ಮೇಲೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು ಜನ ಅಷ್ಟೆ. ಉಳಿದ ತೊಂಬತ್ತೈದು ಜನರ ಮನಸ್ಸೂ ಸಡಿಲ ಅಂತ ಹೇಳಲಾಗುತ್ತಾ? ಅದೇ ಗ್ಯಾಟ್ಸ್ ಸಮೀಕ್ಷೆಯಲ್ಲಿ ಸೇದುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ, ಶೇ. 55.4, ಬಿಡಬೇಕು ಅಂತಲೇ ಯೋಚನೆ ಮಾಡುತ್ತಿದ್ದರು. ಶೇ. 38.5 ಜನ ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನ ಪಟ್ಟಿದ್ದರು. ಮನಸ್ಸಿಲ್ಲದವರು ಪ್ರಯತ್ನ ಪಡುವುದಿಲ್ಲ.

ಒಳಗೆ ಏನಾಗುತ್ತದೆ ಅಂತ ಹೇಳುತ್ತೇನೆ. ಒಂದು ದಮ್ಮು ಎಳೆದರೆ ನಿಕೋಟಿನ್ 10ರಿಂದ 20 ಸೆಕೆಂಡಿನಲ್ಲಿ ಮೆದುಳು ತಲುಪುತ್ತದೆ. ಅಲ್ಲಿ ಅಸಿಟೈಲ್‌ಕೋಲಿನ್ ಅನ್ನೋ ರಾಸಾಯನಿಕ ಕೂರಬೇಕಾದ ಜಾಗದಲ್ಲಿ ಇದು ಹೋಗಿ ಕೂರುತ್ತದೆ, ಖುಷಿ ಕೊಡುವ ಡೋಪಮಿನ್ ಅನ್ನೋ ರಾಸಾಯನಿಕ ಬಿಡುಗಡೆ ಆಗುತ್ತದೆ, ಹಾಯ್ ಅನಿಸುತ್ತದೆ. ದಿನಾ ಹೀಗೇ ಆದರೆ ಮೆದುಳು ಅಂತಹ ಜಾಗಗಳನ್ನು ಇನ್ನೂ ಜಾಸ್ತಿ ಮಾಡಿಕೊಳ್ಳುತ್ತದೆ. ರಕ್ತದಲ್ಲಿ ನಿಕೋಟಿನ್ ಸುಮಾರು ಎರಡು ಗಂಟೆಗೆ ಅರ್ಧಕ್ಕೆ ಇಳಿಯುತ್ತದೆ. ಆಗ ಆ ಜಾಗಗಳು ಖಾಲಿ ಆಗತೊಡಗುತ್ತವೆ. ಸಿಡಿಮಿಡಿ, ಚಡಪಡಿಕೆ, ಕೆಲಸದಲ್ಲಿ ಗಮನ ನಿಲ್ಲಲ್ಲ, ಸುಮ್ನೆ ಹಸಿವು. ರಾತ್ರಿ ಪೂರ್ತಿ ನಿದ್ದೆ ಮಾಡಿ ಎದ್ದವರಿಗೆ ಇದು ಇನ್ನೂ ಜೋರು. ಅದಕ್ಕೇ ತುಂಗೆ_ತೀರ ಅವರ ಅಣ್ಣ ಹಲ್ಲುಜ್ಜುವ ಮೊದಲೇ ಚಿಟಿಕೆ ಹಾಕಿಕೊಳ್ಳುತ್ತಾರೆ.

ಚಟ ಎಷ್ಟು ಆಳಕ್ಕೆ ಇಳಿದಿದೆ ಅಂತ ಅಳೆಯಲು 1991ರಿಂದ ಫಾಗರ್‌ಸ್ಟ್ರಾಮ್ ಪರೀಕ್ಷೆ ಬಳಸುತ್ತಾರೆ. ಆರು ಪ್ರಶ್ನೆ, ಹತ್ತು ಅಂಕ. ನಾನು ಮೊದಲು ಕೇಳುವುದು ಒಂದೇ: ಎದ್ದ ಮೇಲೆ ಎಷ್ಟು ಹೊತ್ತಿಗೆ ಮೊದಲನೇದು? ಐದು ನಿಮಿಷದ ಒಳಗೆ ಅಂದರೆ ಮೂರು ಅಂಕ. ಅರ್ಧ ಗಂಟೆ ಒಳಗೆ ಅಂದರೆ ಎರಡು. ದಿನಕ್ಕೆ ಎಷ್ಟು ಸೇದುತ್ತಾರೆ ಅನ್ನುವುದಕ್ಕಿಂತ ಈ ಒಂದು ಉತ್ತರ ಜಾಸ್ತಿ ಹೇಳುತ್ತದೆ.

ಹಾಸನ_ಹುಡುಗ
ದಿನಕ್ಕೆ ಎರಡೇ ಸೇದುವವರಿಗೂ ಚಟ ಇರುತ್ತಾ? ನಮ್ಮ ರೂಮ್‌ಮೇಟ್ ಟೀ ಜೊತೆ ಮಾತ್ರ ಅಂತಾನೆ.

ಕೌನ್ಸೆಲರ್_ಅಕ್ಕ
ಟೀ ಕುಡಿಯದ ದಿನ ಸೇದದೆ ಇರ್ತಾರಾ ಅಂತ ಕೇಳಿ ನೋಡಿ. ಉತ್ತರ ಅಲ್ಲೇ ಸಿಗುತ್ತದೆ.

ಗಟ್ಟಿಮನ
ಅಕ್ಕ, ನೀವು ಹೇಳಿದ್ದು ಒಪ್ಪೋಣ. ಆದರೂ "ಇದು ಕಾಯಿಲೆ, ನಿನ್ನ ತಪ್ಪಲ್ಲ" ಅಂದುಬಿಟ್ಟರೆ ಜನ ಕೈಚೆಲ್ಲಿ ಕೂರುತ್ತಾರೆ. ಸ್ವಲ್ಪ ಬೈಯೋರೂ ಬೇಕು.

ಕಡಲ_ಮಗಳು
ಬೈದರೆ ಬಚ್ಚಿಟ್ಟುಕೊಂಡು ಸೇದುತ್ತಾರೆ ಅಷ್ಟೆ. ನಮ್ಮಪ್ಪ ಸಾಯುವ ತನಕ ಹಾಗೇ ಮಾಡಿದರು. ಬೈಗುಳ ಕೇಳಿ ಕೇಳಿ ಡಾಕ್ಟರ್ ಹತ್ತಿರವೂ ಸುಳ್ಳು ಹೇಳುತ್ತಿದ್ದರು, ಔಷಧಿ ಕೊಡುವವರಿಗೆ ನಿಜ ಗೊತ್ತೇ ಆಗಲಿಲ್ಲ.

ಬೀಡಿ ವಿಷಯ ಬಂದಿದ್ದಕ್ಕೆ ಇನ್ನೊಂದು ಮಾತು. ನಾನು ದಕ್ಷಿಣ ಕನ್ನಡದವಳು. ನಮ್ಮಮ್ಮ ಬೀಡಿ ಕಟ್ಟಿ ನಮ್ಮನ್ನು ಓದಿಸಿದವರು. ಮಧ್ಯಾಹ್ನದ ಊಟ ಮುಗಿದ ಕೂಡಲೇ ತಡ್ಪೆ (ಮೊರ) ಮಡಿಲಿಗೆ ಬರುತ್ತಿತ್ತು. ನೆನೆಸಿದ ಎಲೆಯನ್ನು ಅಚ್ಚು ಇಟ್ಟು ಕತ್ತರಿಸುವುದು, ಚಿಟಿಕೆ ಹೊಗೆಸೊಪ್ಪಿನ ಪುಡಿ ಹರವುವುದು, ಸುರುಳಿ ಸುತ್ತುವುದು, ತುದಿ ಮಡಚಿ ನೂಲು ಕಟ್ಟುವುದು. ಕೈ ನೋಡದೆಯೇ ಕಟ್ಟುತ್ತಿದ್ದರು. ಸಂಜೆ ಕಟ್ಟಿದ ಬೀಡಿ ಕೊಡಲು ಕಂಪನಿಯ ಬ್ರ್ಯಾಂಚಿಗೆ ಹೋದರೆ ಅಲ್ಲಿಯವರು ಸರಿ ಇಲ್ಲ ಅಂತ ಒಂದಷ್ಟು ತೆಗೆದು ಪಕ್ಕಕ್ಕೆ ಇಡುತ್ತಿದ್ದರು, ಅದಕ್ಕೆ ದುಡ್ಡಿಲ್ಲ. ಅಮ್ಮ ಜೀವನದಲ್ಲಿ ಒಂದು ಬೀಡಿ ಸೇದಿದವರಲ್ಲ, ಆದರೆ ಆ ಪುಡಿಯ ಘಾಟು, ಕೆಮ್ಮು, ಬೆನ್ನು ನೋವು ಎಲ್ಲ ಅವರಿಗೇ ಬಂತು. 1966ರಲ್ಲೇ ಬೀಡಿ ಕೆಲಸಗಾರರಿಗೆ ಅಂತ ಕಾಯ್ದೆ ಬಂದಿದೆ. ಅಂಗಳದಲ್ಲಿ ಕೂತು ಕಟ್ಟುವ ಹೆಂಗಸಿಗೆ ಅದರಿಂದ ಸಿಕ್ಕಿದ್ದು ಕಮ್ಮಿ. ಬೀಡಿ ನಿಲ್ಲಿಸಬೇಕು ಅನ್ನುವವರು ಈ ಮನೆಗಳ ಬಗ್ಗೆಯೂ ಒಂದು ಮಾತು ಹೇಳಲಿ.

ಬ್ಯಾರನ್_ರೈತ
ಕಡಲ_ಮಗಳು ಹೇಳಿದ್ದು ಸರಿ. ನಮ್ಮದು ಹುಣಸೂರು ಕಡೆ, ಹೊಗೆಸೊಪ್ಪು ಬೆಳೆಯೋರು. ನಮ್ಮಲ್ಲಿ, ಪಿರಿಯಾಪಟ್ಟಣದಲ್ಲಿ, ಎಚ್.ಡಿ. ಕೋಟೆಯಲ್ಲಿ ಇದೇ ಬೆಳೆ. ತಂಬಾಕು ಮಂಡಳಿ ಲೈಸೆನ್ಸ್ ಕೊಡುತ್ತದೆ, ಇಷ್ಟೇ ಬೆಳೀಬೇಕು ಅನ್ನುತ್ತದೆ, ಹರಾಜೂ ಅವರದ್ದೇ. ಒಂದು ಇಲಾಖೆ ಬೆಳೆಯಿರಿ ಅನ್ನುತ್ತೆ, ಇನ್ನೊಂದು ಸೇದಬೇಡಿ ಅನ್ನುತ್ತೆ. ನಡುವೆ ನಾವು. ಬೇರೆ ಬೆಳೆ ಹಾಕಿ ಅಂತ ಹೇಳೋರು ತುಂಬಾ ಜನ, ಆ ಬೆಳೆಗೆ ಇದೇ ತರ ಹರಾಜು, ಇದೇ ತರ ಸಾಲ, ಕೊಳ್ಳೋರು ಗ್ಯಾರಂಟಿ ಅಂತ ಇದ್ದರೆ ನಾಳೆನೇ ಬಿಡುತ್ತೇವೆ. ಎಲೆ ಹದ ಮಾಡುವ ಬ್ಯಾರನ್‌ಗೆ ಸೌದೆ ಹೊಂದಿಸೋದೇ ಒಂದು ಜೀವನ ಆಗಿದೆ.

ಇನ್ನೊಂದು, ಇಬ್ಬನಿ ಇರುವಾಗ ಬೆಳಿಗ್ಗೆ ಎಲೆ ಮುರಿಯೋಕೆ ಹೋದರೆ ತಲೆ ತಿರುಗಿ ವಾಂತಿ ಆಗುತ್ತದೆ. ಸೇದದೆ ಇರೋರಿಗೂ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕ ಒಳಗೆ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ ಮೇಲೆ ಗೊತ್ತಾಗಿದ್ದು. ನಮ್ಮ ಹೆಂಗಸರು ಕೈಗವಸು ಇಲ್ಲದೆ ಈಗಲೂ ಮುರಿಯುತ್ತಾರೆ.

ಬೀದರ್_ಬಿಸಿಲು
ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ರೈತರು ಬೆಲೆಗಾಗಿ ಹೆದ್ದಾರಿಯಲ್ಲಿ ಕೂತಾಗ ಗೋಲಿಬಾರ್ ಆಗಿತ್ತು. ಬೆಳೆಗಾರನ ಕಷ್ಟ ಹೊಸದಲ್ಲ.

ಗಟ್ಟಿಮನ
ವಿಷಯ ಎಲ್ಲಿಗೋ ಹೋಯ್ತು. ರೈತರ ಬಗ್ಗೆ ಬೇರೆ ಚರ್ಚೆ ಶುರು ಮಾಡಿ.

ಕಡಲ_ಮಗಳು
ಎಲ್ಲಿಗೂ ಹೋಗಿಲ್ಲ. ತಂಬಾಕು ಅಗ್ಗವಾಗಿ ಸಿಗುತ್ತಿರೋದೇ ಈ ಕೈಗಳಿಗೆ ಕೊಡುವ ಕೂಲಿ ಕಮ್ಮಿ ಇರೋದಕ್ಕೆ. ಅಗ್ಗ ಆದರೆ ಸೇದೋರು ಜಾಸ್ತಿ. ಒಂದೇ ವಿಷಯ.

ಕಾನೂನು_ಕಣ್ಣು
ಅಗ್ಗದ ಮಾತು ಬಂತು, ತೆರಿಗೆ ಹೇಳಲೇಬೇಕು. 2017ರಲ್ಲಿ ಜಿಎಸ್‌ಟಿ ಬಂದಾಗ ಸಿಗರೇಟಿಗೂ ಬೀಡಿಗೂ ಶೇ. 28 ಹಾಕಿದರು. ಸಿಗರೇಟಿಗೆ ಅದರ ಮೇಲೆ ಸೆಸ್ ಅನ್ನೋ ಹೆಚ್ಚುವರಿ ತೆರಿಗೆ ಕೂಡ ಬಂತು, ಬೀಡಿಗೆ ಬರಲಿಲ್ಲ. ಚಿಲ್ಲರೆ ಬೆಲೆಯಲ್ಲಿ ಕನಿಷ್ಠ ಮುಕ್ಕಾಲು ಪಾಲು ತೆರಿಗೆ ಇರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬೀಡಿ ಅದರ ಹತ್ತಿರವೂ ಇಲ್ಲ. ಬಡವರ ಮೇಲೆ ಹೊರೆ ಆಗುತ್ತೆ ಅನ್ನೋದು ಕಾರಣ. ಆದರೆ ಕ್ಯಾನ್ಸರ್ ಬಂದು ಆಸ್ಪತ್ರೆ ಖರ್ಚಿಗೆ ಮನೆ ಮಾರುವುದೂ ಬಡವರೇ. 2017-18ರಲ್ಲಿ ತಂಬಾಕಿನ ಕಾಯಿಲೆ ಮತ್ತು ಸಾವಿನಿಂದ ದೇಶಕ್ಕೆ ಆದ ನಷ್ಟ 1.77 ಲಕ್ಷ ಕೋಟಿ ರೂಪಾಯಿ ಅಂತ ಲೆಕ್ಕ ಹಾಕಿದ್ದಾರೆ. ವರ್ಷಕ್ಕೆ ಸುಮಾರು 13.5 ಲಕ್ಷ ಜನ ಸಾಯುತ್ತಿದ್ದಾರೆ.

ಕಾನೂನು ಏನೂ ಇಲ್ಲ ಅಂತಲ್ಲ. ತಂಬಾಕು ಮಾರಾಟ, ಜಾಹೀರಾತು ನಿಯಂತ್ರಿಸುವ ಕೋಟ್ಪಾ ಕಾಯ್ದೆ 2003ರದ್ದು. 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಜಾಗದಲ್ಲಿ ಸೇದುವ ಹಾಗಿಲ್ಲ. ಪ್ಯಾಕಿನ ಮೇಲೆ ಶೇ. 85 ಜಾಗದಲ್ಲಿ ಎಚ್ಚರಿಕೆ ಚಿತ್ರ 2016ರಿಂದ ಇದೆ. ಕರ್ನಾಟಕದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದ ಮೇಲೆ ಕೊಳ್ಳುವವರ ವಯಸ್ಸು 18ರಿಂದ 21ಕ್ಕೆ ಏರಿತು, ಸಾರ್ವಜನಿಕ ಜಾಗದಲ್ಲಿ ಸೇದಿದರೆ 200 ರೂಪಾಯಿವರೆಗೆ ಇದ್ದ ದಂಡ 1,000 ರೂಪಾಯಿವರೆಗೆ ಏರಿತು, ಹುಕ್ಕಾ ಬಾರ್ ನಡೆಸಿದರೆ ಜೈಲು.

ಹಾಸನ_ಹುಡುಗ
ಕಾಗದದ ಮೇಲೆ ಎಲ್ಲ ಇದೆ. ಬಿಡಿ ಸಿಗರೇಟು ಮಾರಬಾರದು ಅಂತ 2017ರಲ್ಲೇ ನಮ್ಮ ರಾಜ್ಯ ಆದೇಶ ಹೊರಡಿಸಿತ್ತು. ಯಾವ ಗೂಡಂಗಡಿಯಲ್ಲಿ ಬಿಡಿ ಸಿಗಲ್ಲ ಹೇಳಿ? ಕಟ್ಟಿದ ಲೈಟರ್ ಈಗಲೂ ದಾರದಲ್ಲಿ ನೇತಾಡುತ್ತಿರುತ್ತದೆ. ನಮ್ಮ ಕಾಲೇಜಿನ ಹುಡುಗರಿಗೆ ಪೂರ್ತಿ ಪ್ಯಾಕ್ ಕೊಳ್ಳೋ ದುಡ್ಡಿಲ್ಲ, ಬಿಡಿ ಸಿಗದಿದ್ದರೆ ಅರ್ಧ ಜನ ಶುರುವೇ ಮಾಡುತ್ತಿರಲಿಲ್ಲ. ಮತ್ತೆ ಬಿಡಿಯಾಗಿ ಕೊಂಡರೆ ಪ್ಯಾಕಿನ ಮೇಲಿನ ಚಿತ್ರವನ್ನೂ ನೋಡಲ್ಲ, ಸಹಾಯವಾಣಿ ನಂಬರ್ ಕೂಡ ಕಣ್ಣಿಗೆ ಬೀಳಲ್ಲ.

ಗೂಡಂಗಡಿ_ಮಾಲೀಕ
ನಮ್ಮನ್ನೇ ಯಾಕೆ ಹಿಡಿಯುತ್ತೀರಿ? ಬಾಳೆಹಣ್ಣು, ಬಿಸ್ಕೆಟ್ ಮಾರಿದರೆ ದಿನದ ಬಾಡಿಗೆ ಹುಟ್ಟಲ್ಲ. ಸಿಗರೇಟಿಗೆ ಬಂದವನು ಟೀ ಕುಡೀತಾನೆ, ಬನ್ ತಿಂತಾನೆ. 21 ಆಗಿದೆಯಾ ಅಂತ ಕೇಳಿದರೆ ಹುಡುಗರು ಜಗಳಕ್ಕೆ ಬರ್ತಾರೆ. ಆದರೂ ಯೂನಿಫಾರ್ಮ್‌ನಲ್ಲಿ ಬಂದವರಿಗೆ ನಾನು ಕೊಡಲ್ಲ, ದೇವರಾಣೆ.

ಬೀದರ್_ಬಿಸಿಲು
ಯೂನಿಫಾರ್ಮ್ ಇಲ್ಲದವರಿಗೆ?

ಕಾನೂನು_ಕಣ್ಣು
ಗುಟ್ಕಾ ಕಥೆಯೂ ಇದೇ. 2013ರಲ್ಲಿ ಕರ್ನಾಟಕ ನಿಷೇಧ ಮಾಡಿತು. ಕಂಪನಿಗಳು ಪಾನ್ ಮಸಾಲ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಮಾಡಿದವು. ಎರಡನ್ನೂ ಅಂಗೈ ಮೇಲೆ ಹಾಕಿ ಕಲಸಿದರೆ ಗುಟ್ಕಾ. ಪಾನ್ ಮಸಾಲದಲ್ಲಿ ತಂಬಾಕಿಲ್ಲ ಅಂತ ನೆಮ್ಮದಿ ಪಡಬೇಡಿ, ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತು ಅಂತ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ವರ್ಗೀಕರಿಸಿದೆ.

ಮಲೆನಾಡ_ತೋಟ
ಅಡಿಕೆ ಬಗ್ಗೆ ಮಾತಾಡುವಾಗ ಹುಷಾರು. ಊಟ ಆದ ಮೇಲೆ ಎಲೆ ಅಡಿಕೆ ಹಾಕುವುದೂ, ದಿನವಿಡೀ ಪ್ಯಾಕೆಟ್ ಜಗಿಯುವುದೂ ಒಂದೇ ಅಂತ ಹೇಳೋದು ಅನ್ಯಾಯ.

ಕಾನೂನು_ಕಣ್ಣು
ಪ್ರಮಾಣದಲ್ಲಿ ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ಆ ವರ್ಗೀಕರಣ ಅಡಿಕೆಗೇ ಇದೆ, ಪ್ಯಾಕೆಟ್‌ಗೆ ಮಾತ್ರ ಅಲ್ಲ. ಅದರ ಬಗ್ಗೆ ಬೇರೆ ಕಡೆ ಮಾತಾಡೋಣ, ಇಲ್ಲದಿದ್ದರೆ ಇಡೀ ಚರ್ಚೆ ತೋಟಕ್ಕೆ ಹೋಗುತ್ತದೆ.

ಕಾವೇರಿ_ಕೂಸು
ಹೆಂಗಸರ ಲೆಕ್ಕ ಯಾರೂ ಹೇಳಲಿಲ್ಲ. ಸೇದುವ ಹೆಂಗಸರು ಶೇ. 2 ಅಷ್ಟೆ, ಆದರೆ ಹೊಗೆ ಇಲ್ಲದ್ದು ಬಳಸುವವರು ಶೇ. 12.8. ನಮ್ಮ ಅಜ್ಜಿ ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು, ಅದನ್ನು ಯಾರೂ ಚಟ ಅಂತ ಕರೆಯಲೇ ಇಲ್ಲ. ಇನ್ನೊಂದು ವಿಚಿತ್ರ: ಗ್ಯಾಟ್ಸ್‌ನಲ್ಲಿ ತಂಬಾಕು ಬಳಸುವ ಹೆಂಗಸರು ಒಟ್ಟು ಶೇ. 14.2. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ಶೇ. 9. ಗಂಡಸರು 42.4 ಮತ್ತು 38. ಯಾವುದು ನಿಜ?

ಅಂಕಿಗಾರ
ಎರಡೂ ಬೇರೆ ಬೇರೆ ವರ್ಷ, ಕೇಳುವ ರೀತಿಯೂ ಬೇರೆ. ಗ್ಯಾಟ್ಸ್‌ನವರು ತಂಬಾಕಿನ ಬಗ್ಗೆ ಮಾತ್ರ ಕೇಳಲು ಬರುತ್ತಾರೆ, ಒಂದೊಂದು ಪದಾರ್ಥದ ಹೆಸರು ಹಿಡಿದು ಕೇಳುತ್ತಾರೆ. ಕುಟುಂಬ ಸಮೀಕ್ಷೆಯಲ್ಲಿ ಹೆರಿಗೆ, ಲಸಿಕೆ, ಊಟ, ನೂರೆಂಟು ವಿಷಯದ ಮಧ್ಯೆ ಇದೂ ಒಂದು. ಅತ್ತೆ ಪಕ್ಕದಲ್ಲಿ ಕೂತಿರುವಾಗ ಸೊಸೆ ಏನು ಹೇಳುತ್ತಾಳೆ ಅನ್ನೋದೂ ಯೋಚನೆ ಮಾಡಿ. ಹಾಗಾಗಿ ಒಂದರ ಅಂಕಿಯನ್ನು ಇನ್ನೊಂದರ ಪಕ್ಕ ಇಟ್ಟು "ಇಳಿಯಿತು" ಅನ್ನಬಾರದು. ಒಂದೇ ಸಮೀಕ್ಷೆಯ ಹಳೆಯದು, ಹೊಸದು ನೋಡಬೇಕು. ಹಾಗೆ ನೋಡಿದರೆ ಖುಷಿ ಪಡುವ ವಿಷಯ ಒಂದಿದೆ: 15ರಿಂದ 24ರ ವಯಸ್ಸಿನವರಲ್ಲಿ ಶೇ. 18.4 ಇದ್ದದ್ದು 12.4ಕ್ಕೆ ಇಳಿದಿತ್ತು.

ಹಾಸನ_ಹುಡುಗ
ಆ ಸಮೀಕ್ಷೆ ಆದಾಗ ವೇಪ್, ಅಂದರೆ ಇ-ಸಿಗರೇಟು, ಇಷ್ಟು ಹರಡಿರಲಿಲ್ಲ. 2019ರಲ್ಲಿ ಅದು ಪೂರ್ತಿ ನಿಷೇಧ ಆಗಿದೆ, ಆದರೂ ಹಾಸ್ಟೆಲ್‌ನಲ್ಲಿ ಸಿಗುತ್ತದೆ. ಮಾವಿನ ಹಣ್ಣಿನ ವಾಸನೆ ಬರುವ ಹೊಗೆ. ಇವರಲ್ಲಿ ಕೆಲವರು ಹಿಂದೆ ಯಾವತ್ತೂ ಸಿಗರೇಟು ಮುಟ್ಟಿದವರೇ ಅಲ್ಲ.

ಗಟ್ಟಿಮನ
ಬೇರೆ ದೇಶಗಳಲ್ಲಿ ಸಿಗರೇಟು ಬಿಡೋಕೆ ಅಂತಲೇ ವೇಪ್ ಕೊಡ್ತಾರಲ್ಲ. ಇಲ್ಲಿ ಬೀಡಿ, ಸಿಗರೇಟು ರಾಜಾರೋಷವಾಗಿ ಮಾರಲು ಬಿಟ್ಟು ಅದನ್ನು ಮಾತ್ರ ನಿಷೇಧ ಮಾಡಿದ್ದು ಯಾವ ನ್ಯಾಯ?

ಕೌನ್ಸೆಲರ್_ಅಕ್ಕ
ಬ್ರಿಟನ್‌ನಲ್ಲಿ ಕೊಡುತ್ತಾರೆ, ನಿಜ. ಅಲ್ಲಿ ಪದಾರ್ಥದ ಮೇಲೆ, ನಿಕೋಟಿನ್ ಪ್ರಮಾಣದ ಮೇಲೆ ಹಿಡಿತ ಇದೆ. ಇಲ್ಲಿ ಕಳ್ಳದಾರಿಯಲ್ಲಿ ಬಂದದ್ದರಲ್ಲಿ ಏನಿದೆ ಅಂತ ಮಾರುವವನಿಗೂ ಗೊತ್ತಿಲ್ಲ. ನನ್ನ ಹತ್ತಿರ ಬರುವ ಹುಡುಗರಲ್ಲಿ ಹಲವರು ವೇಪೂ ಮಾಡುತ್ತಾರೆ, ಸಿಗರೇಟೂ ಸೇದುತ್ತಾರೆ. ಬಿಟ್ಟಿದ್ದು ಯಾವುದೂ ಇಲ್ಲ. ನಿಷೇಧದ ವಾದ ಇಬ್ಬದಿಯಲ್ಲೂ ಇದೆ, ಆದರೆ ಇವತ್ತು ಕಾನೂನಾಗಿ ಸಿಗುವ ಔಷಧಿ ಇರುವಾಗ ಅದನ್ನು ಮೊದಲು ಬಳಸಿ ಅಂತ ನಾನು ಹೇಳುತ್ತೇನೆ.

ತುಂಗೆ_ತೀರ
ಅದನ್ನೇ ಕೇಳಬೇಕು ಅಂತಿದ್ದೆ. ನಿಕೋಟಿನ್ ಗಮ್ ಮೆಡಿಕಲ್ ಶಾಪಿನಲ್ಲಿ ತಂದು ಕೊಟ್ಟೆ. ಬಾಯಿ ಉರಿ, ಬಿಕ್ಕಳಿಕೆ ಅಂತ ಎರಡೇ ದಿನಕ್ಕೆ ಬಿಸಾಕಿದ.

ಕೌನ್ಸೆಲರ್_ಅಕ್ಕ
ಸಾಮಾನ್ಯವಾಗಿ ಚೂಯಿಂಗ್ ಗಮ್ ತರ ಜಗಿದುಬಿಡುತ್ತಾರೆ, ಅದಕ್ಕೇ ಹೀಗಾಗೋದು. ನಿಧಾನಕ್ಕೆ ಜಗಿಯಬೇಕು. ಖಾರದ ಹಾಗೆ ಚುರುಗುಟ್ಟಿದ ಕೂಡಲೇ ನಿಲ್ಲಿಸಿ ಕೆನ್ನೆ ಮತ್ತು ಒಸಡಿನ ಮಧ್ಯೆ ಇಡಬೇಕು. ಚುರುಗುಟ್ಟುವುದು ನಿಂತ ಮೇಲೆ ಮತ್ತೆ ಸ್ವಲ್ಪ ಜಗಿದು ಜಾಗ ಬದಲಿಸಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಬಾಯಿಯ ಪದರದಿಂದ ಒಳಗೆ ಹೋಗಬೇಕು, ಜೊಲ್ಲಿನ ಜೊತೆ ನುಂಗಿದರೆ ಹೊಟ್ಟೆ ತೊಳಸುತ್ತದೆ, ಬಿಕ್ಕಳಿಕೆ ಬರುತ್ತದೆ. ಗಮ್ ಹಾಕುವ ಕಾಲು ಗಂಟೆ ಮೊದಲಿಂದ ಕಾಫಿ, ಜ್ಯೂಸ್ ಬೇಡ, ಅದರ ಹುಳಿಗೆ ನಿಕೋಟಿನ್ ಒಳಗೆ ಇಳಿಯಲ್ಲ.

ಎದ್ದ ಅರ್ಧ ಗಂಟೆ ಒಳಗೆ ಬೇಕೇ ಬೇಕು ಅನ್ನುವವರಿಗೆ 2 ಮಿಲಿಗ್ರಾಂ ಸಾಲಲ್ಲ, 4 ಮಿಲಿಗ್ರಾಂ ಬೇಕಾಗುತ್ತದೆ. ಆದರೆ ನಿಮ್ಮಣ್ಣ ಜಗಿಯುವವರು. ಹೊಗೆ ಇಲ್ಲದ ತಂಬಾಕಿಗೆ ಗಮ್‌ಗಿಂತ ಚೀಪುವ ನಿಕೋಟಿನ್ ಮಾತ್ರೆ ಮತ್ತು ವಾರೆನಿಕ್ಲಿನ್ ಅನ್ನೋ ಔಷಧಿಗೆ ಹೆಚ್ಚು ಆಧಾರ ಇದೆ. ವಾರೆನಿಕ್ಲಿನ್ ಡಾಕ್ಟರ್ ಬರೆದುಕೊಟ್ಟರೆ ಮಾತ್ರ. ಕೆಲವರಿಗೆ ಬುಪ್ರೊಪಿಯಾನ್ ಕೊಡುತ್ತಾರೆ, ಫಿಟ್ಸ್ ಇದ್ದವರಿಗೆ ಅದು ಆಗುವುದಿಲ್ಲ. ಮೊದಲು ಬಾಯಿ ತೋರಿಸಿ. ಬಿಳಿ ಪಟ್ಟೆ, ಗುಣವಾಗದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಇದರಲ್ಲಿ ಏನಾದರೂ ಇದ್ದರೆ ಒಂದು ವಾರವೂ ಕಾಯಬೇಡಿ.

ಕಾವೇರಿ_ಕೂಸು
ಸಹಾಯವಾಣಿ ನಂಬರ್ ಕೂಡ ಹಾಕಿ ಅಕ್ಕ.

ಕೌನ್ಸೆಲರ್_ಅಕ್ಕ
1800-11-2356. ದುಡ್ಡಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲೂ ಇದರ ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ಜಗಿಯುವವರೂ ಫೋನ್ ಮಾಡಬಹುದು.

ಕಡಲ_ಮಗಳು
ನಮ್ಮ ಚಿಕ್ಕಪ್ಪ ಮಾಡಿದ್ದರು. ಉಪದೇಶ ಮಾಡುತ್ತಾರೆ ಅಂತ ಹೆದರಿದ್ದರು, ಹಾಗೇನೂ ಮಾಡಲಿಲ್ಲ. ಯಾವಾಗ ಜಾಸ್ತಿ ಬೇಕು ಅನಿಸುತ್ತದೆ, ಯಾರ ಜೊತೆ ಇದ್ದಾಗ, ಬಿಡುವ ದಿನ ಯಾವುದು ಇಟ್ಟುಕೊಳ್ಳುತ್ತೀರಿ ಅಂತ ಕೇಳಿದರಂತೆ. ಆಮೇಲೆ ಅವರೇ ತಿರುಗಿ ಫೋನ್ ಮಾಡಿ ವಿಚಾರಿಸಿದರು. ಮಧ್ಯೆ ಒಂದು ಮದುವೆಗೆ ಹೋದಾಗ ಮತ್ತೆ ಸೇದಿಬಿಟ್ಟರು, ಅದನ್ನೂ ಹೇಳಿದರು. ಯಾರೂ ಬೈಯಲಿಲ್ಲ, ಮುಂದಿನ ದಿನಾಂಕ ಇಟ್ಟುಕೊಟ್ಟರು. ಈಗ ಬಿಟ್ಟಿದ್ದಾರೆ.

ಗಟ್ಟಿಮನ
ತುಂಗೆ_ತೀರ ಅವರೇ, ಬಿಟ್ಟವನಾಗಿ ಒಂದು ಮಾತು. ಮೊದಲ ಮೂರು ದಿನ ನರಕ. ಆಗ ಅಣ್ಣ ಕೂಗಾಡಿದರೆ ಮನೆಯವರು ತಿರುಗಿ ಕೂಗಬೇಡಿ. ನನ್ನ ಹೆಂಡತಿ ಆ ದಿನಗಳಲ್ಲಿ ಏನೂ ಅನ್ನಲಿಲ್ಲ, ಅದೇ ನನಗೆ ದೊಡ್ಡ ಸಹಾಯ ಆಗಿದ್ದು.

ತುಂಗೆ_ತೀರ
ಹೇಳ್ತೀನಿ ಅಮ್ಮನಿಗೂ. ಅಣ್ಣನ ಬಾಯಿ ಸರಿಯಾಗಿ ತೆರೆಯುತ್ತಾ ಅಂತ ಇವತ್ತು ನೋಡಿದೆ, ಎರಡು ಬೆರಳು ಅಷ್ಟೇ ಹೋಗುತ್ತೆ. ಇದು ಚಿಂತೆ ಮಾಡುವ ವಿಷಯನಾ?

ಕೌನ್ಸೆಲರ್_ಅಕ್ಕ
ಹೌದು. ಸಾಮಾನ್ಯವಾಗಿ ಮೂರು ಬೆರಳು ಹೋಗಬೇಕು. ನಾಳೆಯೇ ಹತ್ತಿರದ ದಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಜಗಿಯುವುದು ಎಷ್ಟು ವರ್ಷದಿಂದ, ಅಡಿಕೆ ಜೊತೆಗೋ ಬರೀ ತಂಬಾಕೋ, ಎರಡನ್ನೂ ಡಾಕ್ಟರ್‌ಗೆ ಹೇಳಿ. ಬಿಡಿಸುವ ಔಷಧಿಯ ಮಾತನ್ನೂ ಅಲ್ಲೇ ಕೇಳಿ.